ನಾಲ್ಕು ಕಪ್ ಗೆದ್ದ ಲಿಡ್‌ಸ್ಟ್ರೋಮ್ ಇರುವಾಗ, ಒಂದೂ ಗೆಲ್ಲದ ಬೊರ್ಯೆ ಸಾಲ್ಮಿಂಗ್‌ಗೆ ಟೊರೊಂಟೊದಲ್ಲಿ ಪ್ರತಿಮೆ ಯಾಕೆ?

ಲೆಕ್ಕ ಮಾತ್ರ ನೋಡಿದರೆ ನಿಮ್ಮ ಮಾತು ಸರಿ. ಐಸ್ ಹಾಕಿಯಲ್ಲಿ ಸ್ವೀಡನ್ ಕಂಡ ಅತ್ಯುತ್ತಮ ಡಿಫೆನ್ಸ್‌ಮನ್ (ಎದುರಾಳಿಯ ದಾಳಿ ತಡೆಯುವ ಹಿಂಬದಿ ಆಟಗಾರ) ನಿಕ್ಲಾಸ್ ಲಿಡ್‌ಸ್ಟ್ರೋಮ್. ಡೆಟ್ರಾಯಿಟ್ ರೆಡ್ ವಿಂಗ್ಸ್ ಪರ 20 ಸೀಸನ್ ಆಡಿ ನಾಲ್ಕು ಸ್ಟ್ಯಾನ್ಲಿ ಕಪ್ ಗೆದ್ದರು, ಅಂದರೆ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಕಪ್. ವರ್ಷದ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಏಳು ಸಲ ಬಂತು. 2006ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಫಿನ್‌ಲ್ಯಾಂಡ್ ವಿರುದ್ಧ ಗೆಲುವಿನ ಗೋಲು ಕೂಡ ಅವರದ್ದೇ. ಅದೇ ಲೀಗಿನ ಟೊರೊಂಟೊ ಮೇಪಲ್ ಲೀಫ್ಸ್ ಪರ ಆಡಿದ, ಸ್ವೀಡನ್ನಿನವರೇ ಆದ ಡಿಫೆನ್ಸ್‌ಮನ್ ಸಾಲ್ಮಿಂಗ್‌ಗೆ ಕಪ್ಪೂ ಇಲ್ಲ, ನಾರಿಸ್ಸೂ ಇಲ್ಲ. ನಾರಿಸ್ ಮತದಾನದಲ್ಲಿ ಎರಡು ಸಲ ಎರಡನೇ ಸ್ಥಾನ ಸಿಕ್ಕಿತ್ತು, ಅಷ್ಟೇ.

ಆದರೂ ಟೊರೊಂಟೊ ಕಡೆ ಐವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ, ಮೊದಲು ಬರುವ ಹೆಸರು ಸಾಲ್ಮಿಂಗ್ ಅವರದ್ದು. ನಾನು ಕೆಲಸಕ್ಕೆ ಅಂತ ಪಕ್ಕದ ಮಿಸ್ಸಿಸಾಗಾಕ್ಕೆ ಬಂದವನು. ಹಾಕಿ ಅಂದರೆ ನಮಗೆ ಕೊಡಗಿನ ಹಾಕಿ, ಹಸಿರು ಮೈದಾನ. ಇಲ್ಲಿ ಚಳಿಗಾಲ ಪೂರ್ತಿ ಆಫೀಸಿನಲ್ಲಿ ಬೇರೆ ಮಾತೇ ಇರುವುದಿಲ್ಲ, ಹಾಗಾಗಿ ಕಲಿಯಲೇಬೇಕಾಯಿತು. ಕಲಿಯುತ್ತಾ ಹೋದ ಹಾಗೆ ಹಳೇ ವಿಡಿಯೋ ನೋಡುವ ಚಟವೂ ಅಂಟಿಕೊಂಡಿತು. ಸಾಲ್ಮಿಂಗ್ ಏನು ಅಂತ ಗೊತ್ತಾಗಿದ್ದು ಅಲ್ಲಿ.

ಹುಟ್ಟಿದ್ದು 1951ರಲ್ಲಿ, ಸ್ವೀಡನ್ನಿನ ಉತ್ತರ ತುದಿಯ ಕಿರುನಾ ಹತ್ತಿರ. ಆರ್ಕ್ಟಿಕ್ ವೃತ್ತದಿಂದಲೂ ಮೇಲಿರುವ, ಕಬ್ಬಿಣದ ಅದಿರಿನ ಗಣಿ ನಂಬಿ ಬದುಕುವ ಊರು. ತಂದೆಯ ಕಡೆಯಿಂದ ಸಾಮಿ ಮೂಲ, ಅಂದರೆ ಹಿಮಸಾರಂಗ ಸಾಕುವ ಅಲ್ಲಿನ ಮೂಲನಿವಾಸಿಗಳು. ಹುಡುಗನಿಗೆ ಐದು ವರ್ಷ ಇದ್ದಾಗ ತಂದೆ ಗಣಿ ಅಪಘಾತದಲ್ಲಿ ತೀರಿಕೊಂಡರು. ಅಣ್ಣ ಸ್ಟಿಗ್ ಕೂಡ ಡಿಫೆನ್ಸ್‌ಮನ್. ಅಣ್ಣನ ಹಿಂದೆಯೇ ಬೊರ್ಯೆ ಯೆವ್ಲೆ ಊರಿನ ಬ್ರಿನ್ಯೆಸ್ ತಂಡ ಸೇರಿದರು. 1971, 1972 ಎರಡೂ ವರ್ಷ ಆ ತಂಡ ಸ್ವೀಡನ್ ಚಾಂಪಿಯನ್.

ಟೊರೊಂಟೊ ಮೇಪಲ್ ಲೀಫ್ಸ್ ಕಣ್ಣಿಗೆ ಬಿದ್ದ ಕಥೆ ಮಜವಾಗಿದೆ. ಲೀಫ್ಸ್‌ಗೆ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್ ಜೆರ್ರಿ ಮೆಕ್‌ನಮಾರಾ ಸ್ವೀಡನ್‌ಗೆ ಹೋಗಿದ್ದು ಬೇರೆ ಆಟಗಾರನನ್ನು ನೋಡಲು. 1972ರ ಕೊನೆಯಲ್ಲಿ ಕೆನಡಾದಿಂದ ಬಂದಿದ್ದ ಬ್ಯಾರಿ ಫ್ಲೈಯರ್ಸ್ ತಂಡದ ಜೊತೆ ಬ್ರಿನ್ಯೆಸ್ ಪಂದ್ಯ ಇತ್ತು. ಫಾರ್ವರ್ಡ್ ಇಂಗೆ ಹ್ಯಾಮರ್‌ಸ್ಟ್ರೋಮ್ ಗೋಲು ಮೇಲೆ ಗೋಲು ಹೊಡೆದರು. ಸಾಲ್ಮಿಂಗ್ ಅವರನ್ನು ರೆಫರಿ ಆಟದಿಂದಲೇ ಹೊರಗೆ ಕಳಿಸಿದರು. ಮೆಕ್‌ನಮಾರಾ ಎದ್ದು ನೇರ ಡ್ರೆಸ್ಸಿಂಗ್ ರೂಮಿಗೆ ಹೋಗಿ ಟೊರೊಂಟೊಗೆ ಬಂದು ಆಡ್ತೀಯಾ ಅಂತ ಕೇಳಿದರು. 1973ರಲ್ಲಿ ಇಬ್ಬರೂ ಟೊರೊಂಟೊ ಸೇರಿದರು.

ಇವರೇ ಮೊದಲ ಸ್ವೀಡಿಷ್ ಆಟಗಾರರು ಅಂತ ಕೆಲವರು ಬರೆಯುತ್ತಾರೆ, ಅದು ತಪ್ಪು. ಉಲ್ಫ್ ಸ್ಟೆರ್ನರ್ 1965ರಲ್ಲೇ ನ್ಯೂಯಾರ್ಕ್ ರೇಂಜರ್ಸ್ ಪರ ನಾಲ್ಕು ಪಂದ್ಯ ಆಡಿ ವಾಪಸ್ ಹೋಗಿದ್ದರು. ಸಾಲ್ಮಿಂಗ್‌ಗಿಂತ ಒಂದು ವರ್ಷ ಮುಂಚೆ ಟಾಮಿ ಬೆರ್ಗ್‌ಮನ್ ಡೆಟ್ರಾಯಿಟ್‌ಗೆ ಬಂದಿದ್ದರು. ಬಂದವರು ಇದ್ದರು, ಬಂದು ಇಲ್ಲಿನ ದೊಡ್ಡ ತಾರೆ ಆದವರು ಇರಲಿಲ್ಲ.

ಆಗಿನ ಪರಿಸ್ಥಿತಿ ಗೊತ್ತಿದ್ದರೆ ಇದು ಎಷ್ಟು ಕಷ್ಟ ಅಂತ ತಿಳಿಯುತ್ತದೆ. ಯುರೋಪಿನ ರಿಂಕ್, ಅಂದರೆ ಆಡುವ ಐಸ್ ಅಂಗಳ, 30 ಮೀಟರ್ ಅಗಲ. ಇಲ್ಲಿನದ್ದು 85 ಅಡಿ, ಅಂದರೆ ಸುಮಾರು 26 ಮೀಟರ್. ಜಾಗ ಕಮ್ಮಿ, ಗುದ್ದಾಟ ಜಾಸ್ತಿ. ಅಂತರರಾಷ್ಟ್ರೀಯ ನಿಯಮದಲ್ಲಿ ರಿಂಕ್‌ನ ಎಲ್ಲ ಕಡೆ ಬಾಡಿ ಚೆಕ್ (ಮೈಯಿಂದ ಡಿಕ್ಕಿ ಹೊಡೆದು ಎದುರಾಳಿಯನ್ನು ತಡೆಯುವುದು) ಮಾಡಲು ಬಿಟ್ಟಿದ್ದೇ 1969ರಲ್ಲಿ. ಹಾಗಾಗಿ ಸ್ವೀಡನ್ನಿನವರು ಅಂದರೆ ಮೆತ್ತಗಿನವರು, ಹೆದರುಪುಕ್ಕಲರು ಅನ್ನುವ ಮಾತು ಇಲ್ಲಿ ಸಲೀಸಾಗಿ ಓಡಾಡುತ್ತಿತ್ತು. ಲೀಫ್ಸ್ ಮಾಲೀಕ ಹೆರಾಲ್ಡ್ ಬಲ್ಲಾರ್ಡ್ ತನ್ನದೇ ಆಟಗಾರ ಹ್ಯಾಮರ್‌ಸ್ಟ್ರೋಮ್ ಬಗ್ಗೆ, ಜೇಬಲ್ಲಿ ಆರು ಮೊಟ್ಟೆ ಇಟ್ಟುಕೊಂಡು ರಿಂಕ್ ಮೂಲೆಗೆ ಹೋದರೂ ಒಂದೂ ಒಡೆಯಲ್ಲ ಅಂತ ಆಡಿಕೊಂಡಿದ್ದರು. ಮಾಲೀಕನೇ ಹೀಗೆ ಅಂದ ಮೇಲೆ ಎದುರಾಳಿಗಳು ಬಿಡುತ್ತಾರಾ?

ಮೊದಲ ಪಂದ್ಯ ಟೊರೊಂಟೊದಲ್ಲಿ, ಬಫಲೋ ವಿರುದ್ಧ, ಚೆನ್ನಾಗಿ ಆಯಿತು. ಎರಡನೆಯದು ಫಿಲಡೆಲ್ಫಿಯಾದಲ್ಲಿ. ಹೊಡೆದಾಟಕ್ಕೇ ಹೆಸರಾಗಿದ್ದ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡ ಅದು (ಮೇಲೆ ಹೇಳಿದ ಬ್ಯಾರಿ ಫ್ಲೈಯರ್ಸ್ ಬೇರೆ), ಮುಂದೆ 1974 ಮತ್ತು 1975ರಲ್ಲಿ ಕಪ್ ಗೆದ್ದವರು. ಹೊಸಬನನ್ನು ಕೋಲಿನಿಂದ ತಿವಿದು, ಗುದ್ದಿ ಪರೀಕ್ಷೆ ಮಾಡಿದರು. ಆ ತಂಡದ ಕುಖ್ಯಾತ ಹೊಡೆದಾಟಗಾರ ಡೇವ್ ಶುಲ್ಟ್ಜ್ ಜೊತೆ ಸಾಲ್ಮಿಂಗ್ ಕೈ ಮಿಲಾಯಿಸಬೇಕಾಯಿತು. ಅವರು ಹೊಡೆದಾಟಗಾರರೇ ಅಲ್ಲ. ಆದರೆ ಹೆದರಿ ಹಿಂದೆ ಸರಿಯಲಿಲ್ಲ. ಮುಂದಿನ ವರ್ಷಗಳಲ್ಲೂ ಅದೇ ಕಥೆ: ಹೊಡೆಯುತ್ತಿದ್ದರು, ಇವರು ಎದ್ದು ಬಂದು ಪಕ್ (ಚೆಂಡಿನ ಬದಲು ಇಲ್ಲಿ ಬಳಸುವ ರಬ್ಬರ್ ಬಿಲ್ಲೆ) ತಗೊಂಡು ಮುಂದೆ ಓಡುತ್ತಿದ್ದರು.

ಇದಕ್ಕೆ ಒಂದೇ ಉದಾಹರಣೆ ಕೊಡು ಅಂದರೆ ನಾನು 1976ರ ಪ್ಲೇಆಫ್, ಅಂದರೆ ಕಪ್‌ಗಾಗಿ ನಡೆಯುವ ನಾಕೌಟ್ ಸರಣಿ, ಹೇಳುತ್ತೇನೆ. ಮತ್ತೆ ಅದೇ ಫ್ಲೈಯರ್ಸ್. ಟೊರೊಂಟೊದಲ್ಲಿ ನಡೆದ ಮೂರನೇ ಪಂದ್ಯದಲ್ಲಿ ಮೆಲ್ ಬ್ರಿಡ್ಜ್‌ಮನ್ ಸಾಲ್ಮಿಂಗ್ ಮೇಲೆ ಬಿದ್ದು ಮುಖಕ್ಕೆ ಗುದ್ದಿದ್ದೇ ಗುದ್ದಿದ್ದು. ಎಷ್ಟರ ಮಟ್ಟಿಗೆ ಅಂದರೆ ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಸರ್ಕಾರದ ಅಟಾರ್ನಿ ಜನರಲ್ ಆಗಿದ್ದ ರಾಯ್ ಮೆಕ್‌ಮರ್ಟ್ರಿ ಕ್ರಿಮಿನಲ್ ಕೇಸನ್ನೇ ಹಾಕಿಸಿದರು. ಆ ರಾತ್ರಿಯ ಗಲಾಟೆಗೆ ಫ್ಲೈಯರ್ಸ್‌ನ ಬೇರೆ ಆಟಗಾರರ ಮೇಲೂ ಕೇಸಾಯಿತು. ಹಾಕಿ ಕೋಲನ್ನೇ ಆಯುಧ ಅಂತ ಬರೆದುಕೊಂಡರು!

ಎರಡು ದಿನ ಬಿಟ್ಟು ಅಲ್ಲೇ ನಾಲ್ಕನೇ ಪಂದ್ಯ. ಜೊತೆ ಆಟಗಾರ ಡ್ಯಾರಿಲ್ ಸಿಟ್ಲರ್ ಕೊಟ್ಟ ಪಾಸ್ ಹಿಡಿದ ಸಾಲ್ಮಿಂಗ್ ಎದುರಾಳಿ ಡಿಫೆನ್ಸ್ ಮಧ್ಯದಿಂದ ನುಗ್ಗಿ, ಗೋಲ್‌ಕೀಪರ್ ಬರ್ನಿ ಪೇರೆಂಟ್ ಎದುರು ಒಬ್ಬರೇ ಹೋಗಿ ಮೇಲಕ್ಕೆ ಬಾರಿಸಿ ಗೋಲು ಹೊಡೆದರು. ಡಿಫೆನ್ಸ್‌ಮನ್ ಅಲ್ಲಿವರೆಗೂ ಹೋಗುವುದೇ ಅಪರೂಪ. ಲೀಫ್ಸ್ ಆಡುತ್ತಿದ್ದ ಕ್ರೀಡಾಂಗಣ ಮೇಪಲ್ ಲೀಫ್ ಗಾರ್ಡನ್ಸ್ ಪೂರ್ತಿ ಎದ್ದು ನಿಂತಿತು, ಚಪ್ಪಾಳೆ ನಿಲ್ಲಲೇ ಇಲ್ಲ. ಲೀಫ್ಸ್ 4-3ರಿಂದ ಆ ಪಂದ್ಯ ಗೆದ್ದರು. ಸರಣಿ ಮಾತ್ರ ಏಳನೇ ಪಂದ್ಯದಲ್ಲಿ ಸೋತರು, ಅದು ಬೇರೆ ವಿಷಯ. (ಲೀಫ್ಸ್ ಅಭಿಮಾನಿ ಆದರೆ ಈ "ಅದು ಬೇರೆ ವಿಷಯ" ದಿನಾ ಹೇಳಬೇಕಾಗುತ್ತದೆ.)

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೆನಡಾ ಕಪ್, ದೇಶಗಳ ನಡುವಿನ ಟೂರ್ನಿ. ಸಾಲ್ಮಿಂಗ್ ಅದೇ ಗಾರ್ಡನ್ಸ್‌ಗೆ ಸ್ವೀಡನ್ನಿನ ಹಳದಿ ಜರ್ಸಿ ಹಾಕಿಕೊಂಡು ಬಂದರು. ಹೆಸರು ಕೂಗಿದ ಕೂಡಲೇ ಟೊರೊಂಟೊ ಜನ ಮತ್ತೆ ಎದ್ದು ನಿಂತರು. ಪರದೇಶದ ತಂಡದ ಆಟಗಾರನಿಗೆ! ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ ಎರಡು ರಾತ್ರಿಗಳಲ್ಲಿದೆ. ಪ್ರತಿಮೆ ಬಂದಿದ್ದು ಆಮೇಲೆ, 2015ರಲ್ಲಿ.

ಆಟದ ಬಗ್ಗೆ ಒಂದು ಮಾತು ಹೇಳಲೇಬೇಕು, ಬರೀ ಏಟು ತಿಂದವರು ಅಂದುಕೊಂಡರೆ ಅನ್ಯಾಯ ಆಗುತ್ತದೆ. ಹಳೇ ತುಣುಕುಗಳಲ್ಲಿ ಅವರು ಶಾಟ್ ತಡೆಯುವ ರೀತಿ ನೋಡಿ. ಎದುರಾಳಿ ಕೋಲು ಎತ್ತುತ್ತಿದ್ದ ಹಾಗೆ ಇವರು ಉದ್ದಕ್ಕೆ ಐಸ್ ಮೇಲೆ ಜಾರಿ ಅಡ್ಡ ಬೀಳುತ್ತಾರೆ. ಆಗಿನ ಪ್ಯಾಡ್‌ಗಳು ಈಗಿನಷ್ಟು ದಪ್ಪ ಇರಲಿಲ್ಲ. ಪಕ್ ಮೈಗೆ ಬಡಿದ ಮರುಕ್ಷಣ ಎದ್ದು, ತಲೆ ಮೇಲೆತ್ತಿ ಓಡಲು ಶುರು. 1976-77ರಲ್ಲಿ 78 ಪಾಯಿಂಟ್ (ಗೋಲು ಮತ್ತು ಗೋಲಿಗೆ ದಾರಿ ಮಾಡಿದ ಪಾಸ್, ಅಂದರೆ ಅಸಿಸ್ಟ್, ಸೇರಿ) ಗಳಿಸಿ, ಆ ವರ್ಷದ ಅತ್ಯುತ್ತಮರನ್ನು ಆರಿಸುವ ಲೀಗಿನ ಆಲ್-ಸ್ಟಾರ್ ಪಟ್ಟಿಯ ಮೊದಲ ತಂಡಕ್ಕೆ ಆಯ್ಕೆಯಾದರು. ಒಟ್ಟು 1,148 ಪಂದ್ಯ, 150 ಗೋಲು, 637 ಅಸಿಸ್ಟ್. ಇದರಲ್ಲಿ 620 ಅಸಿಸ್ಟ್ ಲೀಫ್ಸ್ ಪರ ಬಂದವು. ಆ ತಂಡದಲ್ಲಿ ಯಾವ ಫಾರ್ವರ್ಡ್ ಕೂಡ ಅದನ್ನು ದಾಟಿಲ್ಲ.

ಕಪ್ ಯಾಕೆ ಬರಲಿಲ್ಲ ಅಂದರೆ, ತಂಡ ಹಾಗಿತ್ತು. 80ರ ದಶಕದ ಒಂದು ಸೀಸನ್‌ನಲ್ಲೂ ಲೀಫ್ಸ್‌ಗೆ ಸೋಲಿಗಿಂತ ಗೆಲುವು ಜಾಸ್ತಿ ಬರಲಿಲ್ಲ. ಬಲ್ಲಾರ್ಡ್ ಆಡಳಿತದಲ್ಲಿ ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಹೋದರು, ಸಿಟ್ಲರ್ ಕೂಡ. ಸಾಲ್ಮಿಂಗ್ 16 ಸೀಸನ್ ಉಳಿದರು. 1986ರ ನವೆಂಬರ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಗೋಲಿನ ಮುಂದೆ ಬಿದ್ದಿದ್ದಾಗ ಎದುರಾಳಿಯ ಸ್ಕೇಟ್ ಆಕಸ್ಮಿಕವಾಗಿ ಮುಖದ ಮೇಲೆ ಹಾದು ಹೋಯಿತು. ಹಣೆಯಿಂದ ಬಾಯಿಯವರೆಗೆ 200ಕ್ಕೂ ಹೆಚ್ಚು ಹೊಲಿಗೆ. ಸುಧಾರಿಸಿಕೊಂಡು ಮತ್ತೆ ಬಂದರು. ಅದೇ ವರ್ಷ, "ಹಿಂದೊಮ್ಮೆ ಕೊಕೇನ್ ತೆಗೆದುಕೊಂಡಿದ್ದೆ" ಅಂತ ಅವರೇ ಒಪ್ಪಿಕೊಂಡಿದ್ದಕ್ಕೆ ಲೀಗ್ ಅಮಾನತು ಮಾಡಿತ್ತು. ಅಭಿಮಾನಿಗಳು ಈ ಭಾಗ ಬಿಟ್ಟು ಹೇಳುತ್ತಾರೆ, ನಾನು ಬಿಡಬೇಕಾಗಿಲ್ಲ. ಕೊನೆಗೆ ಡೆಟ್ರಾಯಿಟ್‌ನಲ್ಲಿ ಒಂದು ಸೀಸನ್, ಆಮೇಲೆ ಸ್ಟಾಕ್‌ಹೋಮ್‌ನ ಎಐಕೆ. 40ನೇ ವಯಸ್ಸಿನಲ್ಲಿ 1992ರ ಒಲಿಂಪಿಕ್ಸ್ ಕೂಡ ಆಡಿದರು. 1996ರಲ್ಲಿ ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಸ್ವೀಡಿಷ್ ಆಟಗಾರ ಇವರು. ಅವರ 21ನೇ ನಂಬರ್ ಜರ್ಸಿಯನ್ನು ಲೀಫ್ಸ್ 2016ರಿಂದ ಯಾರಿಗೂ ಕೊಡುವುದಿಲ್ಲ. ನಿವೃತ್ತಿ ಆದ ಮೇಲೆ ಒಳಉಡುಪಿನ ವ್ಯಾಪಾರಕ್ಕೂ ಇಳಿದಿದ್ದರು. ಸ್ಕ್ವಾಷ್ ಆಡುವವರು ಸಾಲ್ಮಿಂಗ್ ಶೂ ಅಂತ ಕೇಳಿರಬಹುದು ಅಲ್ವಾ, ಅದು ಇವರ ಹೆಸರೇ.

2022ರಲ್ಲಿ ಅವರಿಗೆ ಎಎಲ್‌ಎಸ್ (ನರಗಳು ಸಾಯುತ್ತಾ ಸ್ನಾಯುಗಳ ಶಕ್ತಿ ಹೋಗುವ ಕಾಯಿಲೆ) ಅಂತ ಗೊತ್ತಾಯಿತು. ನವೆಂಬರ್‌ನಲ್ಲಿ ಟೊರೊಂಟೊಗೆ ಬಂದಾಗ ಮಾತು ನಿಂತು ಹೋಗಿತ್ತು. ಕೈ ಎತ್ತಲು ಆಗದಿದ್ದಾಗ ಪಕ್ಕದಲ್ಲಿದ್ದ ಸಿಟ್ಲರ್ ಹಿಡಿದು ಎತ್ತಿದರು. ಮರುದಿನ ವ್ಯಾಂಕೂವರ್ ವಿರುದ್ಧದ ಪಂದ್ಯಕ್ಕೆ ಲೀಫ್ಸ್ ಕೋಚ್ ಮೊದಲಿಗೆ ಇಳಿಸಿದ ಆರೂ ಜನ ಸ್ವೀಡನ್ನಿನವರು, ಗೋಲ್‌ಕೀಪರ್ ಸೇರಿ. ಅದೇ ತಿಂಗಳ 24ರಂದು ಸಾಲ್ಮಿಂಗ್ ತೀರಿಕೊಂಡರು, 71 ವರ್ಷ.

ಹಾಗಾದರೆ ಯಾರು ಉತ್ತಮ? ನನ್ನ ತಂಡ ಕಟ್ಟುವುದಾದರೆ ಸುಮ್ನೆ ಲಿಡ್‌ಸ್ಟ್ರೋಮ್ ಹೆಸರು ಬರೆದುಬಿಡುತ್ತೇನೆ. ತಪ್ಪೇ ಮಾಡದ ಆಟ ಅದು. ಆದರೆ 1991ರಲ್ಲಿ ಅವರು ಡೆಟ್ರಾಯಿಟ್‌ಗೆ ಬಂದಾಗ ಸ್ವೀಡನ್ನಿನವನು ಗಟ್ಟಿಗನೋ ಅಲ್ಲವೋ ಅಂತ ಪರೀಕ್ಷೆ ಮಾಡುವ ಕಾಲ ಬಹುಪಾಲು ಮುಗಿದಿತ್ತು. ಆ ಪರೀಕ್ಷೆಯನ್ನು ಫಿಲಡೆಲ್ಫಿಯಾದಲ್ಲಿ ಸಾಲ್ಮಿಂಗ್ ಬರೆದಾಗಿತ್ತು. ಎರಿಕ್ ಕಾರ್ಲ್‌ಸನ್, ವಿಕ್ಟರ್ ಹೆಡ್ಮನ್ ಇಬ್ಬರೂ ನಾರಿಸ್ ಗೆದ್ದವರು, ಅವರ ಬಗ್ಗೆ ಇನ್ನೊಮ್ಮೆ ಬರೆಯೋಣ. ಈಗ ನೋಡಲು ಶುರು ಮಾಡುವುದಾದರೆ ಮೊದಲು 1976ರ ನಾಲ್ಕನೇ ಪಂದ್ಯದ ಆ ಗೋಲು ಹುಡುಕಿ. ಆಮೇಲೆ ಲಿಡ್‌ಸ್ಟ್ರೋಮ್ ಆಡಿದ ಯಾವುದಾದರೂ ಪೂರ್ತಿ ಪಂದ್ಯ ಹಾಕಿ, ಪಕ್ ಕಡೆ ನೋಡಬೇಡಿ, ಅವರ ಕೋಲಿನ ತುದಿ ಎಲ್ಲಿದೆ ಅಂತ ಮಾತ್ರ ನೋಡಿ.