ಏಂಜೆಲಾ ಡೇವಿಸ್ ಕ್ರಿಮಿನಲ್ಲಾ? ಸ್ಯಾನ್ ಹೋಸೆಗೆ ಹೊಸದಾಗಿ ಬಂದಿರುವ ನಿಮಗೆ

ಮನೆ ಬಾಡಿಗೆ, ಡ್ರೈವಿಂಗ್ ಲೈಸೆನ್ಸ್ ವಿಷಯ ಬೇರೆಯವರು ಆಗಲೇ ಹೇಳಿದ್ದಾರೆ. ನಾನು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಆಫೀಸಿನಲ್ಲಿ ಒಬ್ಬರ ಮೇಜಿನ ಮೇಲೆ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಏಂಜೆಲಾ ಡೇವಿಸ್ ಫೋಟೊ ಇದೆ, ಇನ್ನೊಬ್ಬರು "ಅವಳು ಎಫ್‌ಬಿಐ ಹುಡುಕುತ್ತಿದ್ದ ಕ್ರಿಮಿನಲ್" ಅಂದರು, ಯಾರನ್ನು ನಂಬಲಿ ಅಂತ ಕೇಳಿದ್ದೀರಿ.

ಎಫ್‌ಬಿಐ ಹುಡುಕಿದ್ದು ನಿಜ. ಕ್ರಿಮಿನಲ್ ಅನ್ನುವುದು ಸುಳ್ಳು. ಅದು ತೀರ್ಮಾನವಾದದ್ದು ನೀವು ಈಗ ಬಂದು ಇಳಿದಿರುವ ಊರಿನ ಕೋರ್ಟಿನಲ್ಲೇ, 1972ರ ಜೂನ್ 4ರಂದು.

1970ರ ಆಗಸ್ಟ್ 7ರಂದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಮರಿನ್ ಕೌಂಟಿಯ ಕೋರ್ಟಿಗೆ ಜೊನಾಥನ್ ಜಾಕ್ಸನ್ ಎಂಬ 17 ವರ್ಷದ ಹುಡುಗ ಬಂದೂಕು ತಂದು ಅಲ್ಲಿದ್ದ ಕೈದಿಗಳಿಗೆ ಕೊಟ್ಟ. ಜಡ್ಜ್ ಹೆರಾಲ್ಡ್ ಹೇಲಿಯವರ ಕೊರಳಿಗೆ ಶಾಟ್‌ಗನ್ನನ್ನು ಟೇಪಿನಿಂದ ಸುತ್ತಿ ವ್ಯಾನಿಗೆ ಎಳೆದೊಯ್ದರು. ಗುಂಡು ಹಾರಿತು. ಜಡ್ಜ್, ಆ ಹುಡುಗ, ಇಬ್ಬರು ಕೈದಿಗಳು ಸತ್ತರು. ಇದನ್ನು ಯಾರೂ ಹಗುರ ಮಾಡಬಾರದು, ಫೋಟೊ ಇಟ್ಟವರೂ ಅಷ್ಟೇ. ಬಂದೂಕುಗಳು ಡೇವಿಸ್ ಹೆಸರಿನಲ್ಲಿದ್ದವು, ಶಾಟ್‌ಗನ್ ಕೊಂಡು ಎರಡೇ ದಿನವಾಗಿತ್ತು. ಪೊಲೀಸರಿಗೆ ಅನುಮಾನ ಬಂದದ್ದು ಸಹಜ.

ಆದರೆ ಡೇವಿಸ್ ಅಲ್ಲಿ ಇರಲೇ ಇಲ್ಲ. ಆದರೂ ಕೊಲೆ, ಅಪಹರಣ, ಒಳಸಂಚು ಮೂರೂ ಆರೋಪ ಬಿತ್ತು, ಮರಣದಂಡನೆಯೂ ಆಗಬಹುದಿತ್ತು. ವಿಚಾರಣೆಗೆ ಮೊದಲೇ ಅಧ್ಯಕ್ಷ ನಿಕ್ಸನ್, ಡೇವಿಸ್ ಬಂಧನವನ್ನು ಭಯೋತ್ಪಾದನೆಯ ಜೊತೆ ಸೇರಿಸಿ ಮಾತಾಡಿದರು. ನನಗೆ ಅನ್ಯಾಯ ಅನ್ನಿಸುವುದು ಇದೇ. 16 ತಿಂಗಳು ಜೈಲು. 1972ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಮರಣದಂಡನೆ ರದ್ದು ಮಾಡಿದ ಮೇಲೆ ತಾನೆ ಬೇಲ್ ಸಿಕ್ಕಿದ್ದು, ಅದಕ್ಕೂ ಒಬ್ಬ ಬಿಳಿಯ ರೈತ ತನ್ನ ಜಮೀನು ಒತ್ತೆ ಇಡಬೇಕಾಯಿತು. ಜೊನಾಥನ್‌ನ ಅಣ್ಣ ಜಾರ್ಜ್ ಜಾಕ್ಸನ್ ಜೈಲಿನಲ್ಲಿದ್ದ, ಅವನ ಮೇಲಿನ ಪ್ರೀತಿಗೆ ಡೇವಿಸ್ ಇದನ್ನೆಲ್ಲ ಮಾಡಿಸಿದರು ಅಂತ ಸರ್ಕಾರಿ ವಕೀಲರು ಡೇವಿಸ್ ಅವನಿಗೆ ಬರೆದ ಪತ್ರಗಳನ್ನು ಓದಿದರು. ಕೇಳಿದ ಜ್ಯೂರಿಯಲ್ಲಿ, ಅಂದರೆ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡದಲ್ಲಿ, ಕಪ್ಪು ಜನ ಒಬ್ಬರೂ ಇರಲಿಲ್ಲ. ಆ ಜ್ಯೂರಿಯೇ ಮೂರೂ ಆರೋಪದಲ್ಲಿ ನಿರ್ದೋಷಿ ಅಂದಿತು.

ಅವರು ಕಮ್ಯುನಿಸ್ಟ್ ಆಗಿದ್ದರು, ಸೋವಿಯತ್ ಪರ ನಿಲುವು ನನಗೆ ಒಪ್ಪಿಗೆಯಿಲ್ಲ. ಅದು ವಾದ ಮಾಡುವ ವಿಷಯ, ಕೊಲೆಯ ಸಾಕ್ಷಿಯಲ್ಲ. ಕಮ್ಯುನಿಸ್ಟ್ ಅಂತ 1969ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೆಲಸದಿಂದ ತೆಗೆದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯೇ ಮುಂದೆ ಅವರನ್ನು ಸಾಂತಾ ಕ್ರೂಜ್‌ನಲ್ಲಿ ಪ್ರೊಫೆಸರ್ ಮಾಡಿಕೊಂಡಿತು. ನಮ್ಮೂರಿಂದ ಗುಡ್ಡ ದಾಟಿದರೆ ಅದೇ ಕ್ಯಾಂಪಸ್.

ಇನ್ನೊಂದು ಮಾತು. ನಮ್ಮವರ ಪಾಟ್‌ಲಕ್‌ಗಳಲ್ಲಿ (ಎಲ್ಲರೂ ಅಡುಗೆ ತಂದು ಕೂಡಿ ಉಣ್ಣುವ ಕೂಟ) ಕಪ್ಪು ಜನರ ಬಗ್ಗೆ "ಹುಷಾರು" ಅನ್ನುವವರು ಜಾಸ್ತಿ ಸಿಗುತ್ತಾರೆ. ಸುಮ್ನೆ ತಲೆಯಾಡಿಸಬೇಡಿ. 1965ಕ್ಕೆ ಮೊದಲು ಇಂಡಿಯಾದವರಿಗೆ ಅಮೆರಿಕಕ್ಕೆ ವಲಸೆ ಬರಲು ವರ್ಷಕ್ಕೆ 100 ಜನರ ಕೋಟಾ ಇತ್ತು ಅಷ್ಟೇ. ಅದನ್ನು ತೆಗೆದ ಕಾನೂನು ಬಂದದ್ದು ಇದೇ ಕಪ್ಪು ಜನ ನಾಗರಿಕ ಹಕ್ಕಿಗಾಗಿ ಬೀದಿಯಲ್ಲಿ ಏಟು ತಿಂದ ಕಾಲದಲ್ಲಿ, ಅಲ್ವಾ?

ಫೋಟೊ ಇಟ್ಟಿರುವವರನ್ನೇ ಕೇಳಿ, ಯಾಕೆ ಇಟ್ಟಿದ್ದೀರಿ ಅಂತ. ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮೀಟಿಂಗಿನಲ್ಲಿ ಎಲ್ಲರೆದುರು ಬೇಡ, ಊಟದ ಹೊತ್ತಿನಲ್ಲಿ ಕೇಳಿ.