ಭಾಷೆಯನ್ನು ಮೊದಲು ಬೀದಿಗೆ ಎಳೆದವರು ಯಾರು?

ಹೋದ ಸಂಚಿಕೆಯಲ್ಲಿ ಬಂದ, ಬ್ರಿಟನ್ನಿನ ಆಳ್ವಿಕೆಯಲ್ಲಿರುವ ಉತ್ತರ ಐರ್ಲೆಂಡಿನ ಐರಿಷ್ ಭಾಷೆಯ ಲೇಖನವನ್ನು ಓದಿ ಶಿವಮೊಗ್ಗ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅದರ ಸಾರ ಇಷ್ಟು: "ಐರಿಷ್ ಭಾಷೆಯನ್ನು ಕೆಡಿಸಿದ್ದು ರಾಜಕೀಯ. ಬಂದೂಕು ಹಿಡಿದವರು ಅದನ್ನು ಬಾವುಟ ಮಾಡಿಕೊಂಡರು, ಅರ್ಧ ಊರು ಅದನ್ನು ದ್ವೇಷಿಸಿತು. ಭಾಷೆ ಕವಿಗಳ ಕೈಯಲ್ಲಿ, ತಾಯಂದಿರ ಬಾಯಲ್ಲಿ ಇರಬೇಕು. ಶಾಸನಸಭೆಯಲ್ಲಿ ಅದಕ್ಕೇನು ಕೆಲಸ?" ಕೊನೆಯ ಪುಟದ ಅಂಚಿನಲ್ಲಿ, ಸಣ್ಣ ಅಕ್ಷರಗಳಲ್ಲಿ, ಮನೆಯ ಸುದ್ದಿಯೊಂದಿದೆ. ಮೊಮ್ಮಗಳು ಶಾಲೆಯಲ್ಲಿ ಕನ್ನಡ ಮಾತನಾಡಿದ್ದಕ್ಕೆ ಹತ್ತು ರೂಪಾಯಿ ದಂಡ ಕಟ್ಟಿ ಬಂದಳಂತೆ. "ಈಗಿನ ಕಾಲದ ಶಿಸ್ತು" ಎಂದು ಬರೆದು ಸಹಿ ಹಾಕಿದ್ದಾರೆ.

ಮೇಷ್ಟ್ರೇ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಇಷ್ಟು ದುಂಡಾದ ಅಕ್ಷರ, ಇಷ್ಟು ಅಚ್ಚುಕಟ್ಟಾದ ವಾಕ್ಯ ನಮ್ಮ ಕಚೇರಿಗೆ ಬರುವುದೇ ಅಪರೂಪ. ಅದಕ್ಕಾಗಿಯೇ ನಿಮ್ಮ ಮೇಲೆ ಸ್ವಲ್ಪ ಕೋಪವೂ ಬಂದಿದೆ.

ನಿಮ್ಮ ಮಾತಿನಲ್ಲಿ ನಿಜವಿಲ್ಲ ಎನ್ನಲಾರೆ. 1893ರಲ್ಲಿ ಐರಿಷ್ ಭಾಷೆಯನ್ನು ಉಳಿಸಿ ಬೆಳೆಸಲೆಂದು ಗೇಲಿಕ್ ಲೀಗ್ ಎಂಬ ಸಂಸ್ಥೆ ಕಟ್ಟಿದ ಡಗ್ಲಸ್ ಹೈಡ್ ಪ್ರಾಟೆಸ್ಟಂಟ್ ಪಾದ್ರಿಯೊಬ್ಬರ ಮಗ. ಭಾಷೆಯ ಅಂಗಳದಲ್ಲಿ ಎಲ್ಲ ಪಂಗಡದವರೂ ಒಟ್ಟಿಗೆ ಕೂರಬಹುದು ಎಂದು ನಂಬಿದ್ದವರು. 1915ರಲ್ಲಿ ಲೀಗ್ ರಾಜಕೀಯದ ಕಡೆಗೆ ವಾಲಿದಾಗ ಅವರು ಅಧ್ಯಕ್ಷ ಸ್ಥಾನ ಬಿಟ್ಟು ನಡೆದರು. ಲೀಗಿನ ಪತ್ರಿಕೆಯ ಸಂಪಾದಕರಾಗಿದ್ದ ಪ್ಯಾಟ್ರಿಕ್ ಪಿಯರ್ಸ್ ಮರುವರ್ಷವೇ ಡಬ್ಲಿನ್ನಿನ ದಂಗೆಯ ಮುಂದಾಳಾಗಿ ಗುಂಡೇಟಿಗೆ ಬಲಿಯಾದರು. ಮುಂದೆ 1980ರ ದಶಕದಲ್ಲಿ, ಕಲಿಯುವ ಒಂದೊಂದು ಐರಿಷ್ ಮಾತೂ ಹೋರಾಟದ ಒಂದೊಂದು ಗುಂಡು ಎನ್ನುವ ಧಾಟಿಯ ಮಾತು, ಇಡೀ ಐರ್ಲೆಂಡ್ ಒಂದಾಗಬೇಕೆನ್ನುವ ಸಿನ್ ಫೇನ್ ಪಕ್ಷದ ಕಡೆಯಿಂದ ಬಂದದ್ದೂ ಉಂಟು. ಅಂಥ ಮಾತು ಕೇಳಿದ, ಹೆಚ್ಚಾಗಿ ಬ್ರಿಟನ್ನಿನ ಜೊತೆಗೇ ಉಳಿಯಬಯಸುವ ಪ್ರಾಟೆಸ್ಟಂಟ್ ಮನೆಗಳಲ್ಲಿ ಆ ಭಾಷೆಯ ಬಗ್ಗೆ ಭಯ ಹುಟ್ಟಿದ್ದರೆ ಅದು ಅವರ ತಪ್ಪಲ್ಲ. ಇಷ್ಟನ್ನು ಒಪ್ಪಿದೆ.

ಆದರೆ ನೀವು ಕಥೆಯನ್ನು ನಡುವಿನಿಂದ ಶುರು ಮಾಡಿದ್ದೀರಿ. 1366ರಲ್ಲಿ ಕಿಲ್ಕೆನಿಯಲ್ಲಿ ಹೊರಡಿಸಿದ ಶಾಸನವು ಐರ್ಲೆಂಡಿಗೆ ಬಂದು ನೆಲೆಸಿದ ಇಂಗ್ಲಿಷರು ಐರಿಷ್ ಮಾತನಾಡಕೂಡದು, ಮಾತನಾಡಿದರೆ ಜಮೀನು ಹೋಗುತ್ತದೆ ಎಂದಿತು. ಆ ಶಾಸನವನ್ನು ಬರೆದಿದ್ದು ಇಂಗ್ಲಿಷಿನಲ್ಲೂ ಅಲ್ಲ, ನಾರ್ಮನ್ ಫ್ರೆಂಚಿನಲ್ಲಿ! 1737ರ ಕಾಯ್ದೆಯು ನ್ಯಾಯಾಲಯದ ವ್ಯವಹಾರದಲ್ಲಿ ಇಂಗ್ಲಿಷ್ ಹೊರತು ಬೇರೆ ಭಾಷೆ ಬಳಸಿದವರಿಗೆ ಇಪ್ಪತ್ತು ಪೌಂಡ್ ದಂಡ ಹಾಕಿತು. ಆಗ ಯಾವ ಸಿನ್ ಫೇನ್ ಇತ್ತು? ಯಾವ ಬಂದೂಕಿತ್ತು? ತನ್ನ ಮೇಲಿನ ಆರೋಪ ಏನೆಂದು ತನ್ನ ಮಾತಿನಲ್ಲಿ ಕೇಳಿಸಿಕೊಳ್ಳಲಾಗದ ರೈತ ಕಟಕಟೆಯಲ್ಲಿ ನಿಂತಿದ್ದನಲ್ಲ, ರಾಜಕೀಯ ಶುರುವಾದದ್ದು ಅಲ್ಲಿ. ಉತ್ತರ ಐರ್ಲೆಂಡಿನಲ್ಲಿ ಆ ಕಾಯ್ದೆಯನ್ನು ರದ್ದು ಮಾಡುವ ಶಾಸನ ಬಂದದ್ದು ಯಾವಾಗ ಗೊತ್ತೇ? 2022ರಲ್ಲಿ.

ಇನ್ನು ಶಾಲೆಯ ವಿಷಯ. 1831ರಿಂದ ಸರಕಾರ ಅಲ್ಲಿ ರಾಷ್ಟ್ರೀಯ ಶಾಲೆಗಳನ್ನು ತೆರೆಯಿತು, ಪಾಠವೆಲ್ಲ ಇಂಗ್ಲಿಷಿನಲ್ಲಿ. ಮಕ್ಕಳ ಕೊರಳಿಗೆ ಒಂದು ಕೋಲಿನ ತುಂಡು ಕಟ್ಟುತ್ತಿದ್ದರು. ಬಾಯಿ ತಪ್ಪಿ ಐರಿಷ್ ಬಂದರೆ ಅದರ ಮೇಲೊಂದು ಕಚ್ಚು. ಸಂಜೆ ಕಚ್ಚುಗಳನ್ನು ಎಣಿಸಿ ಅಷ್ಟು ಏಟು. ಅತ್ಯಂತ ಸಂಕಟದ ಸಂಗತಿಯೆಂದರೆ ಆ ಕೋಲಿಗೆ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮಂದಿರ ಒಪ್ಪಿಗೆಯೂ ಇತ್ತು. ತಮಗೆ ಇಂಗ್ಲಿಷ್ ಬಾರದಿದ್ದರೂ ಮಗುವಿನ ಕೋಲಿಗೆ ತಾವೇ ಕಚ್ಚು ಹಾಕಿ ಕಳುಹಿಸುತ್ತಿದ್ದರು. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಹೆಚ್ಚು ಸತ್ತದ್ದು ಪಶ್ಚಿಮದ ಐರಿಷ್ ಮಾತಿನ ಬಡವರೇ. ಅಮೆರಿಕಕ್ಕೆ ಹೋಗಲೇಬೇಕಾದ ಮಗನಿಗೆ ಇಂಗ್ಲಿಷ್ ಬುತ್ತಿ ಕಟ್ಟಿಕೊಟ್ಟ ತಾಯಿಯನ್ನು ನಾನು ಹೇಗೆ ದೂರಲಿ? ಭಾಷೆ ತಾಯಂದಿರ ಬಾಯಲ್ಲಿ ಇರಲಿ ಎಂದಿರಿ. ಆ ಬಾಯಿಯನ್ನು ಹಸಿವು ಮತ್ತು ಕಾನೂನು ಸೇರಿ ಮುಚ್ಚಿಸಿದವು.

ದಕ್ಷಿಣದ ಸ್ವತಂತ್ರ ಐರ್ಲೆಂಡಿನ ಬಗ್ಗೆ ನನ್ನ ದೂರೇ ಬೇರೆ. ಸಂವಿಧಾನದಲ್ಲಿ ಐರಿಷಿಗೆ ಮೊದಲ ಅಧಿಕೃತ ಭಾಷೆಯ ಪಟ್ಟ ಕಟ್ಟಿದರು, ಹೊರೆಯನ್ನು ಶಾಲೆಯ ಮಕ್ಕಳ ತಲೆಗೆ ಹೊರಿಸಿದರು, ಆಡಳಿತವನ್ನು ಇಂಗ್ಲಿಷಿನಲ್ಲೇ ನಡೆಸಿದರು. 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದವರು ಹದಿನೆಂಟು ಲಕ್ಷಕ್ಕೂ ಹೆಚ್ಚು. ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ. ನವೆಂಬರಿನಲ್ಲಿ ಮೆರವಣಿಗೆ ಮಾಡಿ ಡಿಸೆಂಬರಿನಲ್ಲಿ ಕಡತಗಳನ್ನು ಇಂಗ್ಲಿಷಿನಲ್ಲಿ ಬರೆಯುವ ನಮಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮನಸ್ಸು ನಿಲ್ಲುವುದು ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟಿನ ಷಾಸ್ ರೋಡಿನಲ್ಲಿ. 1960ರ ದಶಕದಲ್ಲಿ ಕೆಲವು ಯುವ ದಂಪತಿಗಳು, ಐರಿಷ್ ಅವರ ತಾಯ್ನುಡಿಯಲ್ಲ, ಕಲಿತದ್ದು, ಜಾಗ ಕೊಂಡು ಮನೆ ಕಟ್ಟಿದರು. ಮಕ್ಕಳನ್ನು ಐರಿಷಿನಲ್ಲೇ ಬೆಳೆಸಬೇಕೆಂಬ ಒಂದೇ ಹಟ. 1971ರಲ್ಲಿ ಒಂಬತ್ತು ಮಕ್ಕಳ ಶಾಲೆ ತೆರೆದರು. ಸರಕಾರದ ಮಾನ್ಯತೆ ಸಿಗಲು 1984 ಬರಬೇಕಾಯಿತು. ಅಲ್ಲಿಯವರೆಗೆ ಕೈಯಿಂದಲೇ ಖರ್ಚು. ಅವರ ಧ್ಯೇಯವಾಕ್ಯದ ಅರ್ಥ "ಹೇಳಬೇಡ, ಮಾಡು". ಆಡದೆ ಮಾಡುವವರನ್ನು ಉತ್ತಮರೆನ್ನುವ ನಾಡಿನವರು ನಾವು, ಅವರಿಗೆ ಕೈ ಮುಗಿಯದೆ ಇರುವುದು ಹೇಗೆ? ಅವರೇನು ಬಾಂಬ್ ಇಟ್ಟರೇ, ಮೇಷ್ಟ್ರೇ?

ಶಾಸನಸಭೆಯಲ್ಲಿ ಭಾಷೆಗೆ ಏನು ಕೆಲಸ ಎಂದಿರಿ. 2014ರಲ್ಲಿ ಉತ್ತರ ಐರ್ಲೆಂಡಿನ ಅದೇ ಶಾಸನಸಭೆಯಲ್ಲಿ, ಬ್ರಿಟನ್ ಪರವಾದ ಡಿಯುಪಿ ಪಕ್ಷದ ಸದಸ್ಯರೊಬ್ಬರು "ಧನ್ಯವಾದಗಳು, ಸಭಾಧ್ಯಕ್ಷರೇ" ಎನ್ನುವ ಐರಿಷ್ ಮಾತನ್ನು "ಕರಿ ಮೈ ಯೋಗರ್ಟ್" ಎಂದು ತಿರುಚಿ ಅಣಕಿಸಿದರು. 2016ರ ಕ್ರಿಸ್‌ಮಸ್ ಹೊತ್ತಿಗೆ, ಬೇಸಿಗೆ ಶಿಬಿರಕ್ಕೆ ಹೋಗಿ ಐರಿಷ್ ಕಲಿಯುವ ಮಕ್ಕಳಿಗಿದ್ದ ಐವತ್ತು ಸಾವಿರ ಪೌಂಡಿನ ಸಣ್ಣ ನಿಧಿಯನ್ನು ಅದೇ ಪಕ್ಷದ ಸಚಿವರು ನಿಲ್ಲಿಸಿದರು. ಕೂಗೆದ್ದ ಮೇಲೆ ಮರಳಿಸಿದರು. ಮರುತಿಂಗಳು ಸರಕಾರ ಬಿತ್ತು. ಬೀಳಲು ಮುಖ್ಯ ಕಾರಣ ಬೇರೊಂದು ಹಗರಣ. ಆದರೆ ಮುಂದೆ ಮೂರು ವರ್ಷ ಅದು ಮತ್ತೆ ಕೂಡದಂತೆ ತಡೆದ ದೊಡ್ಡ ಜಗಳಗಳಲ್ಲಿ, ಐರಿಷಿಗೆ ಕಾನೂನಿನ ಸ್ಥಾನ ಕೊಡುವ ಐರಿಷ್ ಕಾಯ್ದೆಯದೂ ಒಂದು. ಕಾಯ್ದೆ ತರುತ್ತೇವೆಂದು 2006ರ ಒಪ್ಪಂದದಲ್ಲಿ ಬರೆದುಕೊಟ್ಟಿದ್ದ ಮಾತು ಅದು. ಕೊಟ್ಟ ಮಾತು ಉಳಿಸಿ ಎಂದವರು ರಾಜಕೀಯ ಮಾಡಿದರು, ಉಳಿಸದವರು ಮಾಡಲಿಲ್ಲ ಎನ್ನುವುದು ಯಾವ ಊರಿನ ನ್ಯಾಯ?

ಆ ಭಾಷೆ ಒಂದು ಪಂಗಡದ್ದು ಎಂಬ ಮಾತನ್ನೂ ನಂಬಬೇಡಿ. ಪ್ರಾಟೆಸ್ಟಂಟರ ಬಿಗಿಹಿಡಿತದ ಶಾಂಕಿಲ್ ರಸ್ತೆಯ ಹೆಸರಿಗೇ ಐರಿಷಿನಲ್ಲಿ ಹಳೆಯ ಚರ್ಚು ಎಂದು ಅರ್ಥ. ಪೂರ್ವ ಬೆಲ್‌ಫಾಸ್ಟಿನಲ್ಲಿ ಲಿಂಡಾ ಅರ್ವಿನ್ ಎಂಬ ಪ್ರಾಟೆಸ್ಟಂಟ್ ಮಹಿಳೆ ವರ್ಷಗಳಿಂದ ಐರಿಷ್ ತರಗತಿ ನಡೆಸುತ್ತಿದ್ದಾರೆ. ಮಾತಿಗೆ ಮಾತು ಬಂತೆಂದು ಹೇಳುತ್ತೇನೆ: ಕನ್ನಡ ತಮಿಳುಗಳೆಲ್ಲ ಒಂದೇ ಬಳ್ಳಿಯವು ಎಂದು ಶಾಸ್ತ್ರೀಯವಾಗಿ ತೋರಿಸಿಕೊಟ್ಟ ಬಿಷಪ್ ಕಾಲ್ಡ್‌ವೆಲ್ ಹುಟ್ಟಿದ್ದು ಅದೇ ಸೀಮೆಯ ಆಂಟ್ರಿಮ್ ಕೌಂಟಿಯಲ್ಲಿ.

ಈಗ ನಿಮ್ಮ ಕಾಗದದ ಅಂಚಿಗೆ ಬರುತ್ತೇನೆ. ನಾಲ್ಕು ಪುಟ ರಾಜಕೀಯ ಬೇಡ ಎಂದು ಬರೆದ ನೀವು ಮೊಮ್ಮಗಳ ದಂಡವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಮ್ಮ ಇಡೀ ಕಾಗದದಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಆ ಎರಡು ಸಾಲು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರ ಮನೆಯ ಮಗು ಅದು. ಕೋಲಿನ ಬದಲು ನೋಟು ಬಂದಿದೆ, ಅಷ್ಟೇ. ಆ ಹತ್ತು ರೂಪಾಯಿಗೆ ಶಾಲೆಯವರು ರಸೀದಿ ಕೊಟ್ಟಿದ್ದರೆ ಅದರ ಪ್ರತಿಯನ್ನು ದಯವಿಟ್ಟು ಕಳುಹಿಸಿ. ಶಾಲೆಯ ಹೆಸರನ್ನು ಮರೆಮಾಡಿ, ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿಸುತ್ತೇನೆ. ರಸೀದಿ ಇಲ್ಲದಿದ್ದರೆ, ಕೇಳಿ ಪಡೆಯಿರಿ.

– ಸಂಪಾದಕ