ಓದುಗರ ಪ್ರಶ್ನೆ, ನಮ್ಮ ಉತ್ತರ: ರೋಸಿನ ರಾತ್ರಿ ಕುಣಿಸಿದ ಹಾಡುಗಳು

ಪ್ರಶ್ನೆ: 1970ರ ದಶಕದ ಕೊನೆಯಲ್ಲಿ ಬಹರೈನ್‌ನಿಂದ ರಜೆಯಲ್ಲಿ ಬಂದ ನನ್ನ ಅಣ್ಣ ಒಂದು ಟೇಪ್ ರೆಕಾರ್ಡರನ್ನೂ ತಾವೇ ಹಾಡು ತುಂಬಿಸಿದ್ದ ಕೆಲವು ಕ್ಯಾಸೆಟ್ಟುಗಳನ್ನೂ ತಂದಿದ್ದರು. ಅಕ್ಕನ ಮದುವೆಯ ಮುನ್ನಾದಿನ, ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರ ಮುಗಿದ ಮೇಲೆ, ಸೋಗೆಯ ಚಪ್ಪರದಡಿಯಲ್ಲಿ ನಾವೆಲ್ಲ ಆ ಹಾಡುಗಳಿಗೆ ಬೆಳಗಿನ ಜಾವದವರೆಗೂ ಕುಣಿದೆವು. ಬ್ಯಾಟರಿ ಇಳಿದು ಹಾಡು ಎಳೆಯತೊಡಗಿದರೂ ಯಾರೂ ನಿಲ್ಲಿಸಲಿಲ್ಲ. ಅವನ್ನು ನಾವು ಡಿಸ್ಕೋ ಎಂದೇ ಕರೆಯುತ್ತಿದ್ದೆವು. ಕ್ಯಾಸೆಟ್ಟಿನ ಚೀಟಿಯಲ್ಲಿ ಒಟಿಸ್ ರೆಡ್ಡಿಂಗ್, ಅರೀತಾ ಫ್ರಾಂಕ್ಲಿನ್, ಟೆಂಪ್ಟೇಷನ್ಸ್, ಬೋನಿ ಎಂ ಎಂಬ ಹೆಸರುಗಳಿವೆ. ಇದು ಡಿಸ್ಕೋ ಅಲ್ಲ, ಸೋಲ್ ಸಂಗೀತ ಎಂದು ಮೊಮ್ಮಗಳು ವಾದಿಸುತ್ತಾಳೆ. ಯಾರ ಮಾತು ಸರಿ?
— ಓದುಗರೊಬ್ಬರು, ಬೇಳ, ಕಾಸರಗೋಡು

ಉತ್ತರ: ಮುಕ್ಕಾಲು ಪಾಲು ಮೊಮ್ಮಗಳೇ ಗೆದ್ದಿದ್ದಾಳೆ. ತಾವು ಬರೆದ ನಾಲ್ಕು ಹೆಸರುಗಳಲ್ಲಿ ಬೋನಿ ಎಂ ಮಾತ್ರ ಡಿಸ್ಕೋ ತಂಡ. ಪಶ್ಚಿಮ ಜರ್ಮನಿಯ ನಿರ್ಮಾಪಕ ಫ್ರಾಂಕ್ ಫಾರಿಯನ್ ಅದನ್ನು 1970ರ ದಶಕದ ನಡುವಿನಲ್ಲಿ ಕಟ್ಟಿದರು. ಉಳಿದ ಮೂವರೂ ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ದೊಡ್ಡ ಹೆಸರುಗಳು. ಡಿಸ್ಕೋ ಹುಟ್ಟಿದ್ದೂ ಬಹುಮಟ್ಟಿಗೆ ಇದೇ ಬಳಗದಲ್ಲಾದುದರಿಂದ ತಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ.

ಬೇಳದ ಇಗರ್ಜಿಯಲ್ಲಿ ಹಾಡಿ ಬೆಳೆದವರಿಗೆ ಈ ಸಂಗೀತ ಅಷ್ಟೇನೂ ಪರಕೀಯವೆನಿಸದಿದ್ದರೆ ಅದಕ್ಕೆ ಕಾರಣವಿದೆ. ಅಮೆರಿಕದ ಕಪ್ಪು ಗಾಯಕ ರೇ ಚಾರ್ಲ್ಸ್ 1954ರಲ್ಲಿ ಕಪ್ಪು ಜನರ ಇಗರ್ಜಿಯ ಭಕ್ತಿಗೀತೆಯ ಧಾಟಿಯನ್ನು ತೆಗೆದುಕೊಂಡು, ಅದಕ್ಕೆ ಹೆಣ್ಣಿನ ಮೇಲಿನ ಪ್ರೀತಿಯ ಮಾತುಗಳನ್ನು ಹೊಂದಿಸಿ, ಆಗಲೇ ರಿದಮ್ ಅಂಡ್ ಬ್ಲೂಸ್ ಎಂದು ಹೆಸರಾಗಿದ್ದ ಕುಣಿತದ ಲಯದಲ್ಲಿ ಹಾಡಿದರು. ದೇವರ ಹಾಡನ್ನು ಕೆಡಿಸಿದನೆಂದು ಬೈದವರೂ ಇದ್ದರು. ಅರೀತಾ ಅವರಂತೂ ಡೆಟ್ರಾಯಿಟ್‌ನ ಬ್ಯಾಪ್ಟಿಸ್ಟ್ ಬೋಧಕರ ಮಗಳು. ಹಾಡಲು ಕಲಿತದ್ದೇ ತಂದೆಯ ಇಗರ್ಜಿಯಲ್ಲಿ. ಪ್ರಾರ್ಥನೆಯಲ್ಲಿ ಒಬ್ಬರು ನುಡಿದುದಕ್ಕೆ ಉಳಿದವರೆಲ್ಲ ಒಕ್ಕೊರಲಿನಿಂದ ಉತ್ತರಿಸುವ ಕ್ರಮ ಅವರ ಹಾಡುಗಳಲ್ಲಿ ಹಾಗೆಯೇ ಉಳಿದಿದೆ. ‘ರೆಸ್ಪೆಕ್ಟ್’ ಹಾಡನ್ನು ಬರೆದು 1965ರಲ್ಲಿ ಮೊದಲು ಹಾಡಿದವರು ಒಟಿಸ್. 1967ರಲ್ಲಿ ಅರೀತಾ ಹಾಡಿದ ಮೇಲೆ ಅದು ಅವರದೇ ಹಾಡೆಂಬಂತಾಯಿತು. ಅದೇ ವರ್ಷದ ಡಿಸೆಂಬರ್ 10ರಂದು ಒಟಿಸ್ ವಿಮಾನ ದುರಂತದಲ್ಲಿ ತೀರಿಕೊಂಡಾಗ ಅವರಿಗೆ ಬರೀ 26 ವರ್ಷ.

ಕ್ಯಾಸೆಟ್ಟನ್ನು ಇನ್ನೊಮ್ಮೆ ಕೇಳುವಾಗ ಎರಡು ಊರುಗಳ ವ್ಯತ್ಯಾಸವನ್ನು ಗಮನಿಸಿ. ಟೆಂಪ್ಟೇಷನ್ಸ್ ಹಾಡಿದ್ದು ಡೆಟ್ರಾಯಿಟ್‌ನ ಮೋಟೌನ್ ಕಂಪನಿಗೆ. ಹಿಂದೆ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಬೆರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಅದನ್ನು ಆರಂಭಿಸಿದ್ದರು. ಒಟಿಸ್ ಹಾಡಿದ್ದು ಮೆಂಫಿಸ್‌ನ ಸ್ಟಾಕ್ಸ್ ಕಂಪನಿಗೆ. ಅದರ ಸ್ಟುಡಿಯೋ ಒಂದು ಹಳೆಯ ಸಿನೆಮಾ ಥಿಯೇಟರಿನಲ್ಲಿತ್ತು, ಇಳಿಜಾರು ನೆಲವನ್ನೂ ಅವರು ಸಮಮಾಡಿರಲಿಲ್ಲ. ಮೋಟೌನ್ ಹಾಡು ಇಸ್ತ್ರಿ ಹಾಕಿದ ಅಂಗಿಯಂತೆ ಅಚ್ಚುಕಟ್ಟು. ನಮ್ಮ ಒಲವು ಸ್ಟಾಕ್ಸ್‌ನ ಒರಟುತನದ ಕಡೆಗೆ. ಇದರಲ್ಲಿ ಮೊಮ್ಮಗಳಿಗೆ ಭಿನ್ನಾಭಿಪ್ರಾಯವಿರಬಹುದು.

ಪ್ರಶ್ನೆ: ನಾನು ಮೃದಂಗ ಕಲಿತವನು. ಕಾಲೇಜಿನ ದಿನಗಳಲ್ಲಿ ಗೆಳೆಯರೊಡನೆ ಇಂಥ ಹಾಡುಗಳಿಗೆ ಕುಣಿಯುವಾಗ ನನ್ನ ಚಪ್ಪಾಳೆ ಮಾತ್ರ ಯಾವಾಗಲೂ ತಪ್ಪುತ್ತಿತ್ತು. ಏಕಿರಬಹುದು?
— ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ತಾವು ಸಮಕ್ಕೆ, ಅಂದರೆ ಆವರ್ತ ಶುರುವಾಗುವ ಮೊದಲ ಎಣಿಕೆಗೆ, ತಟ್ಟುತ್ತಿದ್ದಿರಿ, ಗೆಳೆಯರು ಅದನ್ನು ಬಿಟ್ಟು ತಟ್ಟುತ್ತಿದ್ದರು. ಆದಿತಾಳದ ಎಂಟು ಅಕ್ಷರಗಳಲ್ಲಿ ತಟ್ಟು ಬೀಳುವುದು ಒಂದು, ಐದು ಮತ್ತು ಏಳರಲ್ಲಿ. ಸೋಲ್ ಹಾಡಿನ ನಾಲ್ಕು ಎಣಿಕೆಯ ಆವರ್ತದಲ್ಲಾದರೋ ಸ್ನೇರ್ ಡ್ರಮ್ಮಿನ ಜೋರಾದ ಪೆಟ್ಟು ಸಾಮಾನ್ಯವಾಗಿ ಎರಡು ಮತ್ತು ನಾಲ್ಕರಲ್ಲಿ ಬೀಳುತ್ತದೆ, ಚಪ್ಪಾಳೆಯೂ ಅಲ್ಲಿಯೇ. ಒಂದಕ್ಕೆ ಹೆಜ್ಜೆಯಿಟ್ಟು ಎರಡಕ್ಕೆ ಕೈ ತಟ್ಟಿ ನೋಡಿ. ಸೊಂಟ ತಾನಾಗಿಯೇ ತೂಗತೊಡಗುತ್ತದೆ. ಮೋಟೌನಿನ ಕೆಲವು ಹಾಡುಗಳಲ್ಲಿ ನಾಲ್ಕೂ ಎಣಿಕೆಗೆ ಪೆಟ್ಟು ಬೀಳುವುದರಿಂದ ಅಲ್ಲಿ ತಪ್ಪುವ ಭಯವಿಲ್ಲ. ತಮಗೆ ನಿಜವಾಗಿ ಒಗ್ಗುವವರು ಸೋಲ್ ಗಾಯಕ ಜೇಮ್ಸ್ ಬ್ರೌನ್: 1960ರ ದಶಕದ ನಡುವಿನಿಂದ ಅವರು ತಮ್ಮ ವಾದ್ಯಗಾರರಿಗೆಲ್ಲ ಮೊದಲ ಎಣಿಕೆಗೇ ಒತ್ತು ಕೊಡುವಂತೆ ಪಟ್ಟುಹಿಡಿದರು. ಅವರ ಹಾಡಿಗೆ ತಾವು ನಿಶ್ಚಿಂತೆಯಿಂದ ಸಮ ಹಿಡಿಯಬಹುದು.

ಪ್ರಶ್ನೆ: ನಾವು ಕುಣಿಯುತ್ತಿದ್ದ ಕಾಲದ ಇಂಗ್ಲಿಷ್ ಕ್ಯಾಸೆಟ್ಟುಗಳಿಗೆ ಮಳೆಗಾಲದ ಥಂಡಿಗೆ ಬಿಳಿ ಬೂಷ್ಟು ಹಿಡಿದಿದೆ. ಹಾಕಿ ಕೇಳಬಹುದೇ?
— ಗೃಹಿಣಿ, ಮಂಜೇಶ್ವರ

ಉತ್ತರ: ಸದ್ಯ ಬೇಡ. ಬೂಷ್ಟು ಟೇಪ್ ರೆಕಾರ್ಡರಿನಲ್ಲಿ ಟೇಪು ಉಜ್ಜಿಕೊಂಡು ಹೋಗುವ ಹೆಡ್ಡಿಗೆ ಅಂಟಿ, ಅಲ್ಲಿಂದ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಹಿಡಿದವನ್ನು ಬೇರೆ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಟೇಪು ಶುಚಿಮಾಡಿ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಡುವವರ ಕೈಗೆ ಕೊಡಿ. 90 ನಿಮಿಷದ ಕ್ಯಾಸೆಟ್ಟಿನೊಳಗಿನ ಟೇಪು 60 ನಿಮಿಷದ್ದಕ್ಕಿಂತ ತೆಳು, ಬೇಗ ಹಿಗ್ಗಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಅವನ್ನೇ ಇಳಿಸಲು ಹೇಳಿ.